ಕರಪತ್ರ ಮಾಡಿಸಬೇಕಾ? ಗಾಂಧಿನಗರದ ಈ ಡಿಟಿಪಿ ಅಂಗಡಿಗೆ ಹೋಗಿ

ಬೋರ್ಡಿನ ಮೇಲೆ ಅಂಗಡಿಯ ಹೆಸರಿಲ್ಲ. 'ಜೆರಾಕ್ಸ್, ಡಿಟಿಪಿ, ರೈಸೋ ಪ್ರಿಂಟ್, ಲ್ಯಾಮಿನೇಶನ್' ಅಂತಷ್ಟೇ ಇದೆ. ಬೆಂಗಳೂರಿನ ಫ್ರೀಡಂ ಪಾರ್ಕಿನಿಂದ ಗಾಂಧಿನಗರದ ಕಡೆ ನಡೆದರೆ ಹತ್ತು ನಿಮಿಷ. ಒಳಗೆ ಎರಡು ಕಂಪ್ಯೂಟರ್, ಒಂದು ರೈಸೋ ಮಷೀನ್ (ಒಂದೇ ಪುಟದ ನೂರಾರು ಪ್ರತಿ ಕಡಿಮೆ ಖರ್ಚಿನಲ್ಲಿ ತೆಗೆಯೋದು), ನಿಲ್ಲೋಕೆ ನಾಲ್ಕು ಜನಕ್ಕೆ ಜಾಗ.

ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಇಲ್ಲಿಗೆ ಮೊದಲು ಹೋಗಿದ್ದು 2024ರ ಜುಲೈನಲ್ಲಿ. ಐಟಿ, ಬಿಪಿಒ ನೌಕರರನ್ನು ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾಪ ಆಗ ರಾಜ್ಯ ಸರ್ಕಾರದ ಮುಂದಿತ್ತು. ನೌಕರರ ಸಂಘ ಅದನ್ನು ವಿರೋಧಿಸಿತ್ತು. ನಾಳೆ ಆ ಕುರ್ಚಿಯಲ್ಲಿ ಕೂರುವವರು ನಾವೇ ಅಲ್ವಾ? ಅದಕ್ಕೆ ನಾವೂ ಹತ್ತು ಪೋಸ್ಟರ್ ಮಾಡಿಸಿದ್ದೆವು.

ಎರಡನೇ ಸಲ ಹೋಗಿದ್ದು ಕಳೆದ ನವೆಂಬರ್‌ನಲ್ಲಿ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು, ಅಂದರೆ ಹೊಸ ಕಾರ್ಮಿಕ ಕಾನೂನುಗಳು, ಜಾರಿಗೆ ಬಂದವು. 26ಕ್ಕೆ ಕಾರ್ಮಿಕ ಸಂಘಗಳು ಅವುಗಳ ವಿರುದ್ಧ ದೇಶದ ತುಂಬ ಪ್ರತಿಭಟನೆಗೆ ಕರೆ ಕೊಟ್ಟವು. ನಾವು ಗೆಳೆಯರು ದುಡ್ಡು ಹಾಕಿ ಸಾವಿರ ಕರಪತ್ರ ಹಂಚೋಣ ಅಂದುಕೊಂಡೆವು. ಹತ್ತಿರ ಅಂತ ಮೊದಲು ಕಾಲೇಜಿನ ಪಕ್ಕದ ಬೇರೊಂದು ಅಂಗಡಿಗೆ ಕೊಟ್ಟೆವು. ನಾವು ಫೋನಿನಲ್ಲಿ ಯೂನಿಕೋಡ್‌ನಲ್ಲಿ ಬರೆದಿದ್ದನ್ನು ಅವರು 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸುವಾಗ ಅರ್ಕಾವತ್ತೆಲ್ಲ ಎಲ್ಲೆಲ್ಲೋ ಹೋಯಿತು. 'ಕಾರ್ಮಿಕ' ಅನ್ನೋ ಪದದಲ್ಲೇ ಅರ್ಕಾವತ್ತಿದೆ! ಕೇಳಿದರೆ, "ಓದೋರಿಗೆ ಅರ್ಥ ಆಗುತ್ತೆ ಬಿಡಿ" ಅಂದರು. ಅಡ್ವಾನ್ಸ್ ಕೊಟ್ಟ 200 ರೂಪಾಯಿ ವಾಪಸ್ ಬರಲಿಲ್ಲ. ಸೋಮವಾರ ಸಂಜೆ ಏಳಕ್ಕೆ ಓಡೋಡಿ ಗಾಂಧಿನಗರಕ್ಕೆ ಬಂದೆವು.

ಇಲ್ಲಿ ಟೈಪ್ ಮಾಡುವ ಅಕ್ಕ ಓದಿಕೊಂಡು ಟೈಪ್ ಮಾಡುತ್ತಾರೆ. ನಮ್ಮದೊಂದು ಸಾಲು ಹೀಗಿತ್ತು: '300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಗಳು ಪೂರ್ವಾನುಮತಿಯಿಲ್ಲದೆ ಸಿಬ್ಬಂದಿ ಕಡಿತ ಮಾಡಬಹುದು.' ಅಲ್ಲಿಗೆ ಬಂದಾಗ ಅಕ್ಕ ಕೀಬೋರ್ಡಿನಿಂದ ಕೈ ತೆಗೆದರು.

"ಮೊದಲು ಎಷ್ಟಿತ್ತಮ್ಮ?"

"100 ಇತ್ತಕ್ಕ."

"ಅದನ್ನೇ ಬರೆದಿಲ್ವಲ್ಲ! ನನ್ನ ತಂಗಿ ಮೈಸೂರು ರಸ್ತೆ ಗಾರ್ಮೆಂಟ್ಸಲ್ಲಿದ್ದಾಳೆ. ಅಲ್ಲಿ 220 ಜನ ಇದ್ದಾರೆ. ಇದು ಅವಳ ವಿಷಯ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?"

ಅಲ್ಲೇ ಸ್ಟೂಲ್ ಮೇಲೆ ಕೂತು ತಿದ್ದಿದೆವು. 'ನಿಮ್ಮ ಫ್ಯಾಕ್ಟರಿಯಲ್ಲಿ 220 ಜನ ಇದ್ದೀರಾ? ಕೆಲಸ ಕಡಿಮೆಯಾಯ್ತು ಅಂತ ನಿಮ್ಮನ್ನು ತೆಗೆಯಲು ಮಾಲೀಕರು ಮೊದಲು ಸರ್ಕಾರದ ಒಪ್ಪಿಗೆ ಕೇಳಬೇಕಿತ್ತು. ಈಗ ಕೇಳಬೇಕಾಗಿಲ್ಲ.' ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು ಅನ್ನೋದು ಅದರ ಕೆಳಗೆ ಬಂತು. ಅವಧಿ ಒಪ್ಪಂದದ ಮೇಲೆ ಕೆಲಸಕ್ಕೆ ಸೇರಿದವರಿಗೆ ಒಂದೇ ವರ್ಷಕ್ಕೆ ಗ್ರ್ಯಾಚುಟಿ ಸಿಗುತ್ತೆ ಅನ್ನೋದನ್ನು ನಾವು ಬಿಟ್ಟಿದ್ದೆವು. ಮಾತಿನ ನಡುವೆ ಅದು ಬಂದಾಗ ಅಕ್ಕ ಬಿಡಲಿಲ್ಲ. "ಒಳ್ಳೇದಿದ್ರೆ ಅದನ್ನೂ ಹಾಕಿ. ಇಲ್ಲಾಂದ್ರೆ ಉಳಿದಿದ್ದನ್ನೂ ಯಾರೂ ನಂಬಲ್ಲ." ಹಾಕಿದೆವು. ನಮ್ಮ ಕಾಲೇಜಿನಲ್ಲಿ ಇಷ್ಟು ಚೆನ್ನಾಗಿ ಯಾರೂ ನಮ್ಮ ಬರಹ ತಿದ್ದಿಲ್ಲ.

ರೇಟು ಹೇಳುತ್ತೇನೆ. ಎ4 ಹಾಳೆಗೆ ಎರಡರಂತೆ, 500 ಹಾಳೆ. ಟೈಪಿಂಗ್, ರೈಸೋ, ಪೇಪರ್, ಕಟಿಂಗ್ ಎಲ್ಲಾ ಸೇರಿ 720 ರೂಪಾಯಿ. ಜೆರಾಕ್ಸ್ ಮಾಡಿಸಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು. ಪ್ರಿಂಟಿಗೆ ಹಾಕುವ ಮುಂಚೆ ಪ್ರೂಫ್ ಕೊಟ್ಟು, ಜೋರಾಗಿ ಓದಿಸುತ್ತಾರೆ. ಕೆಳಗೆ ಹಂಚುವವರ ಹೆಸರು, ಫೋನ್ ನಂಬರ್ ಇಲ್ಲದಿದ್ದರೆ ಮಾಡಿಕೊಡಲ್ಲ. ಅದು ಸರಿ ಅಂತಲೇ ನನಗೂ ಅನಿಸಿತು.

ಕೊರತೆಗಳೂ ಇವೆ. ರೈಸೋ ಇಂಕು ಬೇಗ ಒಣಗಲ್ಲ. ಪ್ರಿಂಟಾದ ಕೂಡಲೇ ಕಟ್ಟು ಹಿಡಿದುಕೊಂಡರೆ ಕೈಯೆಲ್ಲ ಕಪ್ಪು. ನಮ್ಮ ಐವತ್ತು ಹಾಳೆ ಹಾಗೇ ಹಾಳಾದವು. ಫೋಟೋ ಹಾಕಿಸಬೇಡಿ, ಮಸಿ ಬಳಿದ ಹಾಗೆ ಬರುತ್ತೆ. 200ಕ್ಕಿಂತ ಕಡಿಮೆ ಪ್ರತಿಗೆ ರೈಸೋ ಹಾಕಲ್ಲ.

ಮಂಗಳವಾರ ಮಧ್ಯಾಹ್ನ ಹೋದಾಗ ಕಟ್ಟು ರೆಡಿ ಇತ್ತು. ಅದರಲ್ಲಿ ಇಪ್ಪತ್ತನ್ನು ಅಕ್ಕ ತಂಗಿಗೆ ಅಂತ ಎತ್ತಿಟ್ಟುಕೊಂಡಿದ್ದರು. ಭಾನುವಾರ ರಜೆ. ಪ್ರತಿಭಟನೆಯ ಹಿಂದಿನ ದಿನ ಸಂಜೆ ಮಾತ್ರ ಹೋಗಬೇಡಿ, ಆವತ್ತು ಸಾಲು ಗಲ್ಲಿಯವರೆಗೂ ಇರುತ್ತೆ.