ಪರ್ಲ್ ಸ್ಟ್ರೀಟಿನ ಫ್ರಾನ್ಸಸ್ ಟ್ಯಾವರ್ನ್: ಮೊದಲು ಮಹಡಿ, ಆಮೇಲೆ ಊಟ

ಮ್ಯಾನ್‌ಹಟನ್ನಿನ ದಕ್ಷಿಣದ ತುದಿಯಲ್ಲಿ, ಗಾಜಿನ ಗಗನಚುಂಬಿಗಳ ನಡುವೆ, ಪರ್ಲ್ ಸ್ಟ್ರೀಟ್ ಬ್ರಾಡ್ ಸ್ಟ್ರೀಟನ್ನು ಕೂಡುವ ಮೂಲೆಯಲ್ಲಿ ಇಟ್ಟಿಗೆಯ ಹಳೆಯ ಮನೆಯೊಂದಿದೆ. 1719ರಲ್ಲಿ ಸ್ಟೀಫನ್ ಡಿ ಲ್ಯಾನ್ಸಿ ಎಂಬ ವರ್ತಕ ಕಟ್ಟಿಸಿದ ಈ ಮನೆಯನ್ನು 1762ರಲ್ಲಿ ಸ್ಯಾಮ್ಯುಯೆಲ್ ಫ್ರಾನ್ಸಸ್ ಕೊಂಡುಕೊಂಡು ಟ್ಯಾವರ್ನ್ ತೆರೆದನು. ಆ ಕಾಲದ ಟ್ಯಾವರ್ನ್ ಬರಿಯ ಪಾನಗೃಹವಾಗಿರಲಿಲ್ಲ. ಊಟ, ವಸತಿ, ವ್ಯಾಪಾರದ ಮಾತುಕತೆ, ರಾಜಕೀಯದ ಸಭೆ ಎಲ್ಲವೂ ಅಲ್ಲಿ ನಡೆಯುತ್ತಿದ್ದವು. ನ್ಯೂಯಾರ್ಕಿನ ವಾಣಿಜ್ಯ ಮಂಡಳಿ 1768ರಲ್ಲಿ ಹುಟ್ಟಿದ್ದು ಈ ಮನೆಯಲ್ಲಿಯೇ.

ಮೈಸೂರಿನಿಂದ ಬಂದಿದ್ದ ಸೋದರಮಾವನವರನ್ನು ಕರೆದುಕೊಂಡು ಜೆರ್ಸಿ ಸಿಟಿಯ ಪೌಲಸ್ ಹುಕ್ಕಿನಿಂದ ಫೆರಿಯಲ್ಲಿ ನದಿ ದಾಟಿ ಹೋದೆವು. ಹೋಗುವವರಿಗೆ ನನ್ನ ಮೊದಲ ಸಲಹೆ ಇಷ್ಟೆ: ನೇರವಾಗಿ ಊಟಕ್ಕೆ ಕೂರಬೇಡಿ. ಮೇಲಿನ ಮಹಡಿಗಳಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಬೇರೆ ಟಿಕೆಟ್ ಕೊಳ್ಳಬೇಕು ಮತ್ತು ಅದು ಸಂಜೆಗೆ ಮುಚ್ಚುವುದರಿಂದ ಮಧ್ಯಾಹ್ನವೇ ತಲುಪುವುದು ಒಳ್ಳೆಯದು. ಅಲ್ಲಿನ ಲಾಂಗ್ ರೂಮ್ ಎಂಬ ಕೋಣೆಯಲ್ಲಿಯೇ, ಬ್ರಿಟಿಷರ ವಿರುದ್ಧದ ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ, 1783ರ ಡಿಸೆಂಬರ್ 4ರಂದು ಜಾರ್ಜ್ ವಾಷಿಂಗ್ಟನ್ ತನ್ನ ಸೇನಾಧಿಕಾರಿಗಳನ್ನು ಬೀಳ್ಕೊಟ್ಟದ್ದು; ವೈನಿನ ಬಟ್ಟಲು ಎತ್ತಿ, ಒಬ್ಬೊಬ್ಬರನ್ನೂ ಅಪ್ಪಿಕೊಂಡು ಆತ ಕಣ್ಣೀರಿಟ್ಟನೆಂದು ಅಲ್ಲಿದ್ದ ಬೆಂಜಮಿನ್ ಟಾಲ್ಮಡ್ಜ್ ಬರೆದಿಟ್ಟಿದ್ದಾನೆ. ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಅದೇ ವರ್ಷದ ಇನ್ನೊಂದು ಸಂಗತಿ. ಆ ಯುದ್ಧದಲ್ಲಿ ಬ್ರಿಟಿಷರ ಪಕ್ಷಕ್ಕೆ ಸೇರಿದ್ದ ಕಪ್ಪು ಜನರು ಗುಲಾಮಗಿರಿಯಿಂದ ತಮ್ಮ ಬಿಡುಗಡೆಯ ಹಕ್ಕನ್ನು ಸಾಬೀತುಪಡಿಸಬೇಕಾಗಿದ್ದ ವಿಚಾರಣೆಗಳು ವಾರಕ್ಕೊಮ್ಮೆ ಇದೇ ಕಟ್ಟಡದಲ್ಲಿ ನಡೆದವು. ಸೇನಾಧಿಪತಿಯ ವಿದಾಯದಷ್ಟೇ ಗೌರವದಿಂದ ನೆನೆಯಬೇಕಾದ ಘಟನೆ ಅದು.

"ಇದು ಅದೇ ಗೋಡೆಯೇನಪ್ಪಾ?" ಎಂದು ಮಾವ ಕೇಳಿದರು. ಅಷ್ಟು ಸರಳವಾದ ಉತ್ತರ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಮತ್ತೆ ಬೆಂಕಿ ಬಿದ್ದು, ಮಹಡಿಗಳನ್ನು ಏರಿಸಿ, ಮೂಲರೂಪ ಬಹುಮಟ್ಟಿಗೆ ಅಳಿಸಿಹೋಗಿತ್ತು. 1904ರಲ್ಲಿ, ಸ್ವಾತಂತ್ರ್ಯ ಯುದ್ಧದಲ್ಲಿ ಪಾಲ್ಗೊಂಡವರ ವಂಶಜರ ಸನ್ಸ್ ಆಫ್ ದ ರೆವಲ್ಯೂಷನ್ ಸಂಸ್ಥೆ ಇದನ್ನು ಕೊಂಡಿತು. ವಿಲಿಯಂ ಮರ್ಸೆರೋ ಎಂಬ ವಾಸ್ತುಶಿಲ್ಪಿ ಅಳಿದುಳಿದ ಭಾಗಗಳನ್ನು ಆಧಾರವಾಗಿಟ್ಟುಕೊಂಡು, ಉಳಿದದ್ದನ್ನು ಊಹೆಯಿಂದ ತುಂಬಿ, 1907ರ ಹೊತ್ತಿಗೆ ಈಗಿನ ರೂಪ ಕೊಟ್ಟನು. ಇದನ್ನು ತಿಳಿದ ಮೇಲೂ ನನ್ನ ಆಸ್ಥೆ ಕುಗ್ಗಲಿಲ್ಲ. 1975ರ ಜನವರಿ 24ರಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬಾಂಬ್ ಸಿಡಿದು ಇಲ್ಲಿ ನಾಲ್ವರು ಸತ್ತರು. ಅಷ್ಟೆಲ್ಲ ಆದ ಮೇಲೂ ಇಲ್ಲಿ ಊಟ ಬಡಿಸುತ್ತಿದ್ದಾರೆ.

ಇನ್ನು ಊಟದ ಮಾತು. ಬೇರೊಂದು ಊರಿನ ಐತಿಹಾಸಿಕ ಕಟ್ಟಡದ ಹೋಟೆಲಿನಲ್ಲಿ ಗೋಡೆಯ ತುಂಬ ಚಿತ್ರಪಟಗಳಿದ್ದರೂ ತಟ್ಟೆಗೆ ಬಂದದ್ದು ಆರಿದ ಅಡುಗೆಯಾಗಿದ್ದ ಅನುಭವ ನನಗಿತ್ತು, ಇಲ್ಲಿ ಹಾಗಾಗಲಿಲ್ಲ. ನಾನು ತರಿಸಿಕೊಂಡದ್ದು ಇಲ್ಲಿ ಹೆಸರಾದ ಚಿಕನ್ ಪಾಟ್ ಪೈ. ಬೆಣ್ಣೆ ಹಾಕಿ ಬೇಯಿಸಿದ ಹಿಟ್ಟಿನ ಹೊದಿಕೆಯನ್ನು ಚಮಚದಿಂದ ಒಡೆದ ಕೂಡಲೇ ಹಬೆಯೆದ್ದಿತು. ಒಳಗಿನ ಕೋಳಿಮಾಂಸ ನಿಧಾನದ ಉರಿಯಲ್ಲಿ ಬೆಂದು ಎಳೆಎಳೆಯಾಗಿ ಬಿಡುತ್ತಿತ್ತು, ಗಸಿ ಗಟ್ಟಿಯಾಗಿದ್ದರೂ ಜಿಡ್ಡೆನಿಸಲಿಲ್ಲ. ನಮ್ಮ ಕಡೆಯ ಖಾರವನ್ನು ನಿರೀಕ್ಷಿಸಿದರೆ ಸಪ್ಪೆಯೆನಿಸಬಹುದು. ಬೆಣ್ಣೆ, ಈರುಳ್ಳಿ, ಮಾಂಸದ ರಸ ಇವುಗಳ ಹದವನ್ನೇ ರುಚಿಯೆಂದು ಒಪ್ಪಿ ತಿನ್ನಬೇಕಾದ ಅಡುಗೆ ಇದು. ಮಾವ ತರಿಸಿಕೊಂಡ ಫಿಶ್ ಅಂಡ್ ಚಿಪ್ಸಿನ ಮೀನು ಹೊರಗೆ ಗರಿಗರಿಯಾಗಿ ಒಳಗೆ ರಸವತ್ತಾಗಿತ್ತು. ಈ ಬಗೆಯ ಇಂಗ್ಲಿಷ್, ಐರಿಶ್ ಅಡುಗೆಯಲ್ಲಿ ಮಾಂಸ, ಮೀನುಗಳೇ ಮುಖ್ಯವಾದ್ದರಿಂದ ಸಸ್ಯಾಹಾರಿಗಳು ಹೋಗುವ ಮುನ್ನ ಮೆನು ನೋಡಿಕೊಳ್ಳುವುದು ಮೇಲು.

ಬಾರುಗಳೂ ಊಟದ ಕೋಣೆಗಳೂ ಹಲವಾರಿವೆ. ಕೆಲಸ ಮುಗಿಸಿ ಬರುವ ವಾಲ್ ಸ್ಟ್ರೀಟಿನ ನೌಕರರು ಬಿಯರಿಗಾಗಿ ಬಾರನ್ನು ತುಂಬಿಕೊಂಡಿದ್ದರು. ಪ್ರವಾಸಿಗಳ ತಾಣವಷ್ಟೇ ಆಗದೆ ಇದು ಇನ್ನೂ ಅಕ್ಕಪಕ್ಕದವರ ಜಾಗವಾಗಿ ಉಳಿದಿರುವುದು ನನಗೆ ಬಹಳ ಹಿಡಿಸಿತು. ಮಾತನಾಡುತ್ತ ಉಣ್ಣಬೇಕೆಂದರೆ ಬಾರಿನಿಂದ ದೂರದ, ಟಾಲ್ಮಡ್ಜ್ ಹೆಸರಿನ ಕೋಣೆಯಲ್ಲಿ ಮೇಜು ಕೇಳಿ. ಬೆಲೆ ಈ ಪ್ರದೇಶಕ್ಕೆ ತಕ್ಕಂತೆ ದುಬಾರಿಯೇ. ಬಿಲ್ಲಿನ ಮೇಲೆ ಶೇಕಡಾ 18ರಿಂದ 20ರಷ್ಟು ಟಿಪ್ಸನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಡಿಸಿದವರು ಮಾವನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರಿಸಿದರು, ಎದ್ದುಹೋಗಲು ಅವಸರಪಡಿಸಲಿಲ್ಲ.

ಅಂದು ವಿದಾಯ ಮುಗಿಸಿದ ವಾಷಿಂಗ್ಟನ್ ಹತ್ತಿರದ ವೈಟ್‌ಹಾಲ್ ದಡಕ್ಕೆ ನಡೆದು, ದೋಣಿಯೇರಿ ಪೌಲಸ್ ಹುಕ್ಕಿಗೆ ದಾಟಿದನು. ಇದನ್ನು ಮಹಡಿಯಲ್ಲಿ ಓದಿದ್ದ ಮಾವ, ಮೆಟ್ರೊ ಬೇಡವೆಂದು ಹಟ ಹಿಡಿದು, ಹಿಂದಿರುಗುವಾಗಲೂ ಫೆರಿಯನ್ನೇ ಹತ್ತಿಸಿದರು.