ಸ್ಟೀಮ್‌ಪಂಕ್ ಶೂಟ್‌ಗೆ ಜಾಗ ಹುಡುಕ್ತಿದ್ರೆ ಮೈಸೂರು ರೈಲ್ ಮ್ಯೂಸಿಯಂ ನೋಡಿ

ಸ್ಟೀಮ್‌ಪಂಕ್ ಅಂದ್ರೆ ಹತ್ತೊಂಬತ್ತನೇ ಶತಮಾನದ ಸ್ಟೀಮ್ ಇಂಜಿನ್ ಕಾಲದ ಉಡುಪು, ಯಂತ್ರಗಳಿಗೆ ಕಲ್ಪನೆ ಬೆರೆಸೋ ಶೈಲಿ. ಅದ್ರ ಕಾಸ್ಟ್ಯೂಮ್ ರೆಡಿ ಇದೆ, ಹೊರಗಡೆ ಎಲ್ಲಿ ಫೋಟೋ ತೆಗೆಯೋದು ಅಂತ ತಲೆ ಕೆಡಿಸ್ಕೊಂಡಿರೋರು ಕೆಆರ್‌ಎಸ್ ರಸ್ತೆಲಿರೋ ರೈಲ್ ಮ್ಯೂಸಿಯಂಗೆ ಒಂದ್ಸಲ ಬನ್ನಿ. ಸ್ಟೇಷನ್‌ಗೆ ಹತ್ರ, ಬೆಂಗಳೂರಿಂದ ಟ್ರೇನಲ್ಲಿ ಬಂದ್ರೆ ಟೋಪಿ ಪೆಟ್ಟಿಗೆ ಎಲ್ಲಾ ಹೊತ್ಕೊಂಡು ಊರೆಲ್ಲಾ ಸುತ್ತೋ ತಾಪತ್ರಯ ಇರಲ್ಲ. 1979ರಲ್ಲಿ ಶುರುವಾದ ಮ್ಯೂಸಿಯಂ ಇದು, ಹಳೇ ಇಂಜಿನ್‌ಗಳು ಬಯಲಲ್ಲೇ ನಿಂತಿವೆ, ಅದೇ ನಮಗೆ ಬೇಕಾಗಿದ್ದು.

ಇದಕ್ಕೆ ಮುಂಚೆ ನಾನೂ ತಂಗೀನೂ ಲಾಲ್‌ಬಾಗ್ ಗಾಜಿನ ಮನೆ ಯೋಚ್ನೆ ಮಾಡಿದ್ವಿ. 1889ರದ್ದು, ಎರಕದ ಕಬ್ಬಿಣ ಗ್ಲಾಸ್ಗೋದಿಂದ ಬಂದಿದ್ದು, ಕಾಲ ಏನೋ ಸರಿಯಾಗಿ ಕೂಡತ್ತೆ, ಆದ್ರೆ ಅಲ್ಲಿ ತಿರುಗೋ ವಸ್ತು ಒಂದೂ ಇಲ್ವಲ್ಲ, ಕಣ್ಣಿಗೆ ಗಾಗಲ್ಸ್ ಕೈಗೆ ಚರ್ಮದ ಗ್ಲೌಸ್ ಹಾಕ್ಕೊಂಡಿರೋಳು ಏನ್ ಕೆಲಸ ಮಾಡೋಳು ಅಂತ ಫೋಟೋ ನೋಡಿದವರಿಗೆ ಗೊತ್ತಾಗ್ಬೇಕು ಅಲ್ವಾ. ಕೆಜಿಎಫ್‌ನ ಗಣಿ ಗೋಪುರಗಳು ನಂಗೆ ತುಂಬಾ ಇಷ್ಟ, ಆದ್ರೆ 2001ರಲ್ಲಿ ಮುಚ್ಚಿದ ಗಣಿ, ಒಳಗೆ ಹೋಗೋ ಸಾಹಸ ಬೇಡ.

ಇಲ್ಲಿ ಸ್ಟೀಮ್ ಇಂಜಿನ್ ಪಕ್ಕ ನಿಂತ್ರೇನೇ ಅರ್ಧ ಕೆಲಸ ಮುಗೀತು. ಬಾಯ್ಲರ್ ಮೇಲಿನ ರಿವೆಟ್ ಸಾಲು, ದೊಡ್ಡ ದೊಡ್ಡ ಚಕ್ರ, ಪಿಸ್ಟನ್ನಿಂದ ಚಕ್ರಕ್ಕೆ ಹೋಗೋ ರಾಡು, ಇವೆಲ್ಲಾ ನಿಜವಾಗ್ಲೂ ಕೆಲಸ ಮಾಡಿದ ಕಬ್ಬಿಣ, ನಾವು ಬೆಲ್ಟಿಗೆ ಅಂಟಿಸೋ ಗಡಿಯಾರದ ಗೇರ್‌ಗಳಿಗೂ ಅದ್ರ ಪಕ್ಕ ಒಂದು ಅರ್ಥ ಬರತ್ತೆ. ತಂಗಿ ಟಾಪ್ ಹ್ಯಾಟ್ ಬಿಟ್ಟು ತಾತನ ಮೈಸೂರು ಪೇಟ ಹಾಕಿ ಅದ್ರ ಮೇಲೆ ಗಾಗಲ್ಸ್ ಕಟ್ಟಿದ್ಲು, ಚಕ್ರದ ಮುಂದೆ ಮಂಡಿಯೂರಿ ಸ್ಪ್ಯಾನರ್ ಹಿಡ್ಕೊಂಡು ಕೂತ ಆ ಒಂದು ಫೋಟೋಗೋಸ್ಕರ ಮತ್ತೆ ನೂರು ಸಲ ಬೇಕಾದ್ರೂ ಬರ್ತೀನಿ. ಮೈಸೂರಿಗೆ ಸ್ಟೀಮ್‌ಪಂಕ್ ಹೊರಗಿಂದ ತಂದು ಅಂಟಿಸಿದ ಕಲ್ಪನೆ ಅಲ್ಲ ಅಂತ ನಂಗೆ ಅನ್ಸತ್ತೆ, 1902ರಲ್ಲೇ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋದ ಸಂಸ್ಥಾನ ಇದು.

ಮಹಾರಾಣಿಯವರ ಸಲೂನ್ ಬೋಗಿ, ಅಂದ್ರೆ ಅವರ ಪ್ರಯಾಣಕ್ಕೆ ಅಂತಲೇ ಇದ್ದ ಐಷಾರಾಮಿ ಬೋಗಿ, 1899ರದ್ದು, ಅಡುಗೆಮನೆ, ಊಟದ ಜಾಗ ಎಲ್ಲಾ ಇದೆ, ತಪ್ಪದೇ ನೋಡಿ. ಆಸ್ಟಿನ್ ಕಾರು ಇನ್ನೂ ಚೆಂದ, ಸುಮಾರು 1925ರದ್ದು, ರಸ್ತೆ ಕಾರನ್ನೇ ಹಳಿ ಮೇಲೆ ಓಡೋ ಹಾಗೆ ಬದಲಾಯಿಸಿದ್ದು, ಸ್ಟೀಮ್‌ಪಂಕ್ ಅಂದ್ರೆ ಇದೇ ಅಲ್ವಾ!

ಪರ್ಮಿಷನ್ ಮಾತ್ರ ಮೊದ್ಲೇ ಕೇಳಿ, ಕಾಸ್ಟ್ಯೂಮ್ ಶೂಟ್ ಅಂತ ಬಾಯಿ ಬಿಟ್ಟು ಹೇಳಿ, ಟ್ರೈಪಾಡ್ ಇದ್ರೆ ಅದನ್ನೂ, ಎಲ್ಲಿ ಹತ್ಬಹುದು ಎಲ್ಲಿ ಬೇಡ ಅನ್ನೋದನ್ನೂ. ಬೇರೆ ಕಡೆ ಒಂದು ಪಾರ್ಕಲ್ಲಿ ಕೇಳ್ದೆ ಶುರು ಮಾಡಿ ಅರ್ಧಕ್ಕೇ ವಾಪಸ್ ಬಂದಿದ್ವಿ, ತಂಗಿ ಅತ್ತೇ ಬಿಟ್ಟಿದ್ಲು. ಭಾನುವಾರ ಮಕ್ಕಳ ಗುಂಪು ಇರತ್ತೆ, ವಾರದ ದಿನ ಬಾಗಿಲು ತೆಗೆದ ಹೊತ್ತಿಗೇ ಹೋಗಿ. ಇಂಜಿನ್ ಪೇಂಟ್ ಹೊಳಿಯತ್ತೆ, ಹೊಳಪು ತಗ್ಗಿಸೋ ಪೋಲರೈಸರ್ ಫಿಲ್ಟರ್ ಇದ್ರೆ ತಗೊಂಡ್ ಹೋಗಿ, 85 ಎಂಎಂ ಲೆನ್ಸಲ್ಲಿ ಹಿಂದಿನ ಬೋರ್ಡುಗಳೆಲ್ಲಾ ಮಸುಕಾಗ್ತವೆ. ಕೋಟು, ಕಾರ್ಸೆಟ್ಟು (ನಡು ಬಿಗಿಯಾಗಿ ಕಟ್ಟೋ ಉಡುಪು) ಹಾಕಿರೋರಿಗೆ ನೀರು ಕೊಡ್ತಾನೇ ಇರಿ. ಹನ್ನೊಂದರ ಮೇಲೆ ಕಬ್ಬಿಣ ಕಾದಿರತ್ತೆ, ಗ್ಲೌಸ್ ಇಲ್ದೆ ಒರಗಬೇಡಿ.