ಸಾವಯವ ಹಾಲಿಗೆ ದುಪ್ಪಟ್ಟು ದುಡ್ಡು: ಎಲ್ಲಿ ಕೊಡಬಹುದು, ಎಲ್ಲಿ ಬೇಡ

ಬೆಂಗಳೂರಿನ ಅಂಗಡಿಗಳ ಫ್ರಿಜ್ಜಿನಲ್ಲಿ ನಂದಿನಿಯ ನೀಲಿ ಪ್ಯಾಕೆಟ್ಟಿನ ಪಕ್ಕದಲ್ಲೇ ಈಗ ತಿಪಟೂರಿನ ಅಕ್ಷಯಕಲ್ಪದಂಥ ಸಾವಯವ ಹಾಲೂ ಇರುತ್ತದೆ. ಬೆಲೆ ಹೆಚ್ಚುಕಡಿಮೆ ಎರಡು ಪಟ್ಟು. ಹಸು ಏನು ಮೇಯಿತು, ಅದಕ್ಕೆ ಯಾವ ಔಷಧಿ ಕೊಟ್ಟರು ಅನ್ನುವುದರ ಖಾತ್ರಿಗೆ ಕೊಡುವ ದುಡ್ಡು ಅದು. ಪ್ರೋಟೀನು, ಕ್ಯಾಲ್ಸಿಯಂ ಎರಡರಲ್ಲೂ ಬಹುತೇಕ ಒಂದೇ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಸಾವಯವ ಹಾಲಿನಿಂದಲೂ ಉಬ್ಬರಿಸುತ್ತದೆ, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಅದರಲ್ಲೂ ಅಷ್ಟೇ ಇದೆ.

ಪ್ಯಾಕೆಟ್ ಕೈಗೆ ಬಂದರೆ ಮೊದಲು 'ಜೈವಿಕ್ ಭಾರತ್' ಅಥವಾ 'ಇಂಡಿಯಾ ಆರ್ಗ್ಯಾನಿಕ್' ಎಂಬ ಸರ್ಕಾರಿ ಸಾವಯವ ಗುರುತು ಹುಡುಕಿ. 'ನ್ಯಾಚುರಲ್', 'ಫಾರ್ಮ್ ಫ್ರೆಶ್', 'ದೇಸಿ' ಇವು ಯಾವುವೂ ಪ್ರಮಾಣಪತ್ರವಲ್ಲ. ಎ2 (ಹಾಲಿನ ಒಂದು ಬಗೆಯ ಪ್ರೋಟೀನು) ಎಂದು ಬರೆದಿದ್ದಕ್ಕೆ ಹೆಚ್ಚು ಕೊಡಬೇಡಿ: ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಆಗಸ್ಟಿನಲ್ಲಿ, ಆ ಹೆಸರು ದಾರಿ ತಪ್ಪಿಸುವಂಥದ್ದು, ಪ್ಯಾಕೆಟ್ಟಿನಿಂದ ತೆಗೆಯಿರಿ ಎಂದಿತು, ಆದರೆ ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಎ2 ಅಂದರೆ ಸಾವಯವ ಅಂತಲೂ ಅಲ್ಲ.

ನೇರವಾಗಿ ಮಾರುವ ಸಣ್ಣ ರೈತರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಅಂಥವರಿಂದ ಕೊಳ್ಳುವುದಾದರೆ ಒಮ್ಮೆ ಕೊಟ್ಟಿಗೆಗೆ ಹೋಗಿ, ಹಸುವಿಗಿಂತ ಮೊದಲು ಹಿಂಡಿಯ ಮೂಟೆ ನೋಡಿ. ಮೂಟೆ ಹಲಗೆಯ ಮೇಲಿರಬೇಕು, ಗೋಡೆಗೆ ತಾಗಿರಬಾರದು. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ, ಜೋಳದ ನುಚ್ಚಿಗೆ ತೇವ ತಗುಲಿ ಬೂಷ್ಟು ಹಿಡಿದರೆ ಅದರಿಂದ ಹಾಲಿಗೆ ಅಫ್ಲಾಟಾಕ್ಸಿನ್ ಎಂ1 ಎಂಬ ವಿಷ ಇಳಿಯುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಿತಿ. ಸಾವಯವ ಹಿಂಡಿಗೂ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಬ್ರ್ಯಾಂಡಿನವರನ್ನೂ ಈ ವಿಷದ ಪರೀಕ್ಷೆಯ ವರದಿ ಕೇಳಿ. ಕೊಡಲು ಹಿಂಜರಿಯುವವರನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಗಾಜಿನ ಬಾಟಲಿಯಲ್ಲಿ ಬರುವ ಹಸಿ ಹಾಲನ್ನು ಚೆನ್ನಾಗಿ ಉಕ್ಕಿಸದೆ ಮಕ್ಕಳಿಗೆ ಕೊಡಲೇಬಾರದು, ಬ್ರುಸೆಲ್ಲಾ ಸೋಂಕಿನ ಭಯ ನಿಜವಾದದ್ದು. ಪಾಶ್ಚರೀಕರಿಸಿದ ಹಾಲು 72 ಡಿಗ್ರಿಯಲ್ಲಿ 15 ಸೆಕೆಂಡು ಕಾದು ಬಂದಿರುತ್ತದೆ, ಅದನ್ನು ಮತ್ತೆ ಮತ್ತೆ ಕುದಿಸಬೇಕಿಲ್ಲ. ಕೆನೆ ತೆಗೆದು ಬೆಣ್ಣೆ ಮಾಡುವ ಮನೆಯವರು 'ಹೋಮೋಜಿನೈಸ್ಡ್' ಎಂದಿರುವ ಪ್ಯಾಕೆಟ್ ಬಿಡಿ. ಅದರಲ್ಲಿ ಕೊಬ್ಬಿನ ಕಣಗಳನ್ನು ಒಡೆದಿರುವುದರಿಂದ ದಪ್ಪ ಕೆನೆ ಕಟ್ಟುವುದಿಲ್ಲ. ಕೊಬ್ಬಿನ ಅಂಕಿಯನ್ನೂ ಓದಿ: ಟೋನ್ಡ್ ಹಾಲಿಗೆ ಶೇ 3, ಹಸುವಿನ ಹಾಲು ಎಂದು ಮಾರಲು ಕನಿಷ್ಠ ಶೇ 3.2.

ಹಾಲಿನ ಗುಣ ಮನೆಯಲ್ಲೇ ತಿಳಿಯುವುದು ಹೆಪ್ಪು ಹಾಕಿದಾಗ. ಲೀಟರ್ ಹಾಲನ್ನು ಉಕ್ಕಿಸಿ, ಸುಮಾರು 40 ಡಿಗ್ರಿಗೆ, ಅಂದರೆ ಬೆರಳಿಗೆ ಉಗುರುಬೆಚ್ಚಗಾಗುವವರೆಗೆ ಆರಿಸಿ, ಒಂದು ಚಿಕ್ಕ ಚಮಚ ಮೊಸರು ಕಲಸಿ. ಬಿಸಿ ಜಾಸ್ತಿಯಾದರೆ ಹೆಪ್ಪು ಸಾಯುತ್ತದೆ, ಆರಿಹೋದರೆ ತಡವಾಗುತ್ತದೆ. ಎಲ್ಲ ಸರಿಯಿದ್ದೂ ಒಂದೇ ಕಡೆಯ ಹಾಲು ಪದೇ ಪದೇ ಹೆಪ್ಪಾಗದಿದ್ದರೆ ಆ್ಯಂಟಿಬಯೋಟಿಕ್ ಉಳಿಕೆಯ ಅನುಮಾನ ಪಡಿ. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲನ್ನು ಕೆಲವು ದಿನ ಬೇರೆ ತೆಗೆಯಬೇಕು, ಮೋಸ ಆಗುವುದೇ ಅಲ್ಲಿ.

ತುಪ್ಪಕ್ಕೆ ಲೆಕ್ಕ ಹಾಕಿಯೇ ದುಡ್ಡು ಕೊಡಿ. ಶೇ 3.5 ಕೊಬ್ಬಿನ ಲೀಟರ್ ಹಾಲಿನಲ್ಲಿ ಸುಮಾರು 36 ಗ್ರಾಂ ಜಿಡ್ಡು, ಕಿಲೋ ತುಪ್ಪಕ್ಕೆ 28 ಲೀಟರ್ ಹಾಲು. ಲೀಟರಿಗೆ 40 ರೂಪಾಯಿ ಹಿಡಿದರೂ ಹಾಲಿಗೇ 1,100 ದಾಟುತ್ತದೆ. ಮೊಸರು ಕಡೆದು ಮಾಡಿದ ಸಾವಯವ ತುಪ್ಪ ಎಂದು ಕಿಲೋ 800ಕ್ಕೆ ಕೊಟ್ಟರೆ ನಂಬಬೇಡಿ. ಪನ್ನೀರಿನ ಪದಾರ್ಥಗಳ ಪಟ್ಟಿಯಲ್ಲಿ ಹಾಲು ಮತ್ತು ಹಾಲು ಒಡೆಸುವ ಆಮ್ಲ ಬಿಟ್ಟು ಎಣ್ಣೆಯ ಹೆಸರು ಕಂಡರೆ ಅದು ಪನ್ನೀರೇ ಅಲ್ಲ. ಹಣ್ಣಿನ ರುಚಿಯ ಮೊಸರು ಸಾವಯವವಾಗಿದ್ದರೂ ಸಕ್ಕರೆ ಸಕ್ಕರೆಯೇ.

ದುಡ್ಡಿಗೆ ಮಿತಿ ಇದ್ದರೆ ದಿನಾ ಕುಡಿಯುವ ಹಾಲನ್ನು ಮಾತ್ರ ಸಾವಯವ ತಂದು, ಮೊಸರನ್ನು ಅದರಲ್ಲೇ ಮನೆಯಲ್ಲಿ ಮಾಡಿಕೊಳ್ಳಿ. ಪ್ಯಾಕೆಟ್ಟನ್ನು ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ತೆಗೆದು ಹಾಕುವಾಗೆಲ್ಲ ಅಲ್ಲಿ ಬಿಸಿ ಏರುತ್ತದೆ. ಒಳಗಿನ ತಟ್ಟೆಯಲ್ಲಿ, ಗೋಡೆಯ ಕಡೆಗೆ ಇಡಿ.